ಮರಿಕಾ ಮನೆತನದ ಗೋಜಲು: ಎಲ್ಡನ್ ರಿಂಗ್ ವಂಶಾವಳಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು, ಮಂಡ್ಯದ ನಾವು ಏಳೆಂಟು ಜನ ಭಾನುವಾರ ಸೇರಿ ಎಲ್ಡನ್ ರಿಂಗ್ ಎಂಬ ವಿಡಿಯೋ ಗೇಮ್ ಆಡುತ್ತೇವೆ. ಆಟಕ್ಕಿಂತ ಜಗಳವೇ ಜಾಸ್ತಿ. ಬಾಸ್, ಅಂದರೆ ದೊಡ್ಡ ಶತ್ರುವನ್ನು, ಹೊಡೆಯುವುದು ಹೇಗೆ ಅಂತಲ್ಲ, ಆ ಲೋಕದ ರಾಣಿ ಮರಿಕಾಳ ಮನೆಯಲ್ಲಿ ಯಾರು ಯಾರ ಮಗ ಅಂತ. ಹೊಸಬರು ಯಾರೇ ಬಂದರೂ ಅವೇ ಪ್ರಶ್ನೆಗಳು, ಅವೇ ಉತ್ತರಗಳು, ಅದೇ ಆರಿಹೋದ ಟೀ. ಅದಕ್ಕೇ ಒಂದು ಸಲ ಬರೆದಿಡೋಣ ಅಂತ ಕೂತೆ. ಕಥೆಯ ಗುಟ್ಟುಗಳೆಲ್ಲ ಇಲ್ಲಿ ಬಯಲಾಗುತ್ತವೆ, ಡಿಎಲ್‌ಸಿಯದ್ದೂ (ಗೇಮ್‌ಗೆ ಆಮೇಲೆ ಬಂದ ಹೆಚ್ಚುವರಿ ಭಾಗ) ಸೇರಿ. ಇನ್ನೂ ಆಡಿ ಮುಗಿಸದವರು ಇಲ್ಲಿಗೇ ನಿಲ್ಲಿಸಿ.

ಇಷ್ಟು ದೊಡ್ಡ ಗೇಮ್‌ನಲ್ಲಿ ಯಾರು ಯಾರ ಮಕ್ಕಳು ಅಂತ ನೇರವಾಗಿ ಯಾಕೆ ಹೇಳುವುದಿಲ್ಲ?

ಹೇಳುವ ಮನಸ್ಸೇ ಅದಕ್ಕಿಲ್ಲ. ಗೇಮ್ ಬಂದದ್ದು 2022ರ ಫೆಬ್ರುವರಿ 25ರಂದು. ಆ ಲೋಕದ ಹಳೆಯ ಚರಿತ್ರೆ ಬರೆದುಕೊಟ್ಟವರು ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ನಿರ್ದೇಶಕ ಹಿದೆತಾಕಾ ಮಿಯಾಜಾಕಿ ಮತ್ತು ಫ್ರಮ್‌ಸಾಫ್ಟ್‌ವೇರ್ ತಂಡದವರು ಅದನ್ನು ಚೂರು ಚೂರು ಮಾಡಿ ಕತ್ತಿ, ತಾಯಿತ, ಅಂಗಿಗಳ ವಿವರಣೆಯಲ್ಲಿ ಬಚ್ಚಿಟ್ಟರು. ಒಂದು ಜಡೆಯ ವಿವರಣೆಯಲ್ಲಿ ಒಂದು ಸಾಲು, ಒಂದು ಸುತ್ತಿಗೆಯ ವಿವರಣೆಯಲ್ಲಿ ಇನ್ನೊಂದು. ಜೋಡಿಸುವ ಕೆಲಸ ನಮ್ಮದು.

ನಮ್ಮ ಹಳ್ಳಿಗಳಿಗೆ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ನಿಮ್ಮ ಮುತ್ತಾತ ಯಾವ ಊರಿಂದ ಬಂದ, ಅವನಿಗೆ ಎಷ್ಟು ಮಕ್ಕಳು, ಯಾರು ಯಾವ ಊರಿಗೆ ಹೋದರು ಎಂದು ಸರಸರ ಹೇಳುತ್ತಿದ್ದರು. ಮರಿಕಾ ಮನೆಗೆ ಒಬ್ಬ ಹೆಳವ ಬಂದಿದ್ದರೆ ನಮ್ಮ ಅರ್ಧ ಜಗಳ ಮುಗಿಯುತ್ತಿತ್ತು. ಆ ಲೋಕದಲ್ಲಿ ಅಂಥವರು ಯಾರೂ ಇಲ್ಲ. ಬರೀ ಸಾಮಾನುಗಳಿವೆ.

ಕನ್ನಡದಲ್ಲಿ ಮಾತಾಡುವಾಗ ಈ ಜಗಳ ಜಾಸ್ತಿ ಯಾಕೆ?

ಇದು ನಾನು ಕಂಡುಕೊಂಡ ವಿಷಯ, ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಇಂಗ್ಲಿಷ್‌ನಲ್ಲಿ ಬ್ರದರ್ ಎಂದರೆ ಮುಗಿಯಿತು. ಕನ್ನಡದಲ್ಲಿ ಅಣ್ಣನೋ ತಮ್ಮನೋ ಹೇಳದೆ ಬಾಯಿ ಬಿಡುವ ಹಾಗಿಲ್ಲ. ಅಂಕಲ್ ಎಂದರೆ ಸಾಲದು. ದೊಡ್ಡಪ್ಪನಾ, ಚಿಕ್ಕಪ್ಪನಾ, ಸೋದರಮಾವನಾ? ನಮ್ಮ ಭಾಷೆಯಲ್ಲಿ ಒಂದು ಸಂಬಂಧದ ಮಾತು ಆಡಬೇಕಾದರೆ ವಯಸ್ಸು ಗೊತ್ತಿರಬೇಕು, ಅಪ್ಪನ ಕಡೆಯೋ ಅಮ್ಮನ ಕಡೆಯೋ ಗೊತ್ತಿರಬೇಕು. ಗೇಮ್ ಬಿಟ್ಟ ಖಾಲಿ ಜಾಗವನ್ನು ನಾವು ಗೊತ್ತಿಲ್ಲದೆಯೇ ತುಂಬಿಬಿಡುತ್ತೇವೆ. ನಮ್ಮ ಗುಂಪಿನಲ್ಲಿ ಒಬ್ಬ ಮಿಕೆಲ್ಲಾನನ್ನು ಮಲೇನಿಯಾಳ ತಮ್ಮ ಎಂದ. ಯಾಕೆಂದರೆ ಅವನು ನೋಡಲು ಮಗು. ಇಬ್ಬರೂ ಅವಳಿಗಳು ಮಾರಾಯ. ಅವನು ಬೆಳೆಯದಿರುವುದು ಶಾಪದಿಂದ.

ಅದಕ್ಕೇ ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಒಂದು ಚಾರ್ಟ್ ಮಾಡಿದೆವು. ಗೇಮ್ ಬಾಯಿಬಿಟ್ಟು ಹೇಳಿದ್ದು ಪೆನ್ನಿನಲ್ಲಿ. ನಾವು ಊಹಿಸಿದ್ದು ಪೆನ್ಸಿಲ್‌ನಲ್ಲಿ. ಕೆಳಗಿನ ಉತ್ತರಗಳಲ್ಲಿ ಪೆನ್ನು, ಪೆನ್ಸಿಲ್ ಅಂದರೆ ಇದೇ ಅರ್ಥ.

ಪೆನ್ನಿನಲ್ಲಿ ಬರೆದಿರುವುದು ಏನೇನು?

ಮರಿಕಾ ರಾಣಿ, ದೇವರು. ಮೊದಲ ಗಂಡ ಗಾಡ್‌ಫ್ರೀ, ಮೊದಲ ಎಲ್ಡನ್ ಲಾರ್ಡ್, ಅಂದರೆ ದೇವರ ಜೊತೆ ಆಳುವ ರಾಜ. ಅವರಿಗೆ ಗಾಡ್ವಿನ್, ಆಮೇಲೆ ಕೊಂಬು ಹೊತ್ತು ಹುಟ್ಟಿದ ಅವಳಿಗಳು ಮಾರ್ಗಾಟ್ ಮತ್ತು ಮೋಗ್. ಗಾಡ್‌ಫ್ರೀಯನ್ನು ಗಡೀಪಾರು ಮಾಡಿದರು.

ಅತ್ತ ಲಿಯುರ್ನಿಯಾದಲ್ಲಿ ಕೆಂಪು ಕೂದಲಿನ ರಾಡಗಾನ್ ಎಂಬ ವೀರ ರೆನ್ನಾಲಾಳನ್ನು ಮದುವೆಯಾಗಿದ್ದ. ಮಕ್ಕಳು ರಾಡಾನ್, ರೈಕಾರ್ಡ್, ರಾನ್ನಿ. ಗಾಡ್‌ಫ್ರೀ ಹೋದ ಮೇಲೆ ಇವನು ರೆನ್ನಾಲಾಳನ್ನು ಬಿಟ್ಟು ರಾಜಧಾನಿಗೆ ಬಂದು ಮರಿಕಾಳ ಎರಡನೇ ಗಂಡನಾದ. ಆಗ ಹುಟ್ಟಿದವರು ಮಿಕೆಲ್ಲಾ ಮತ್ತು ಮಲೇನಿಯಾ. ಡಿಎಲ್‌ಸಿ ಬಂದ ಮೇಲೆ ಮೆಸ್ಮರ್ ಎಂಬ ಇನ್ನೊಬ್ಬ ಮಗ ಸೇರಿದ. ಅವನ ಅಪ್ಪನ ಜಾಗ ನಮ್ಮ ಚಾರ್ಟ್‌ನಲ್ಲಿ ಖಾಲಿ.

ರಾಡಗಾನೇ ಮರಿಕಾ ಅಂತಾರಲ್ಲ, ಅದು ಪೆನ್ನಾ ಪೆನ್ಸಿಲ್ಲಾ?

ಪೆನ್ನು. ಕಪ್ಪು ಮಸಿ, ಎರಡು ಸಲ ತಿದ್ದಿದ್ದು. ಲೇಂಡೆಲ್ ರಾಜಧಾನಿಯಲ್ಲಿರುವ ರಾಡಗಾನ್ ಪ್ರತಿಮೆಯ ಮುಂದೆ ಲಾ ಆಫ್ ರಿಗ್ರೆಷನ್ ಮಂತ್ರ ಹಾಕಿದರೆ ನೆಲದ ಮೇಲೆ ‘ರಾಡಗಾನ್ ಎಂದರೆ ಮರಿಕಾ’ ಎನ್ನುವ ಮಾತು ಕಾಣುತ್ತದೆ, ಪ್ರತಿಮೆಯೂ ಮರಿಕಾಳದ್ದಾಗುತ್ತದೆ. ಆ ಮಂತ್ರಕ್ಕೆ ನಮ್ಮ ಪಾತ್ರದ ಇಂಟೆಲಿಜೆನ್ಸ್ ಅಂಕ 37 ಬೇಕು. ಬರೀ ಶಕ್ತಿ ಹೆಚ್ಚಿಸಿಕೊಂಡು ದೊಡ್ಡ ಕತ್ತಿ ಬೀಸುವ ನಮ್ಮ ಮದ್ದೂರಿನ ಗೆಳೆಯ ಇದನ್ನು ನೋಡಿಯೇ ಇರಲಿಲ್ಲ. ಕೊನೆಯ ಕಾಳಗದಲ್ಲಿ ಮರಿಕಾಳ ಮೈ ಎದ್ದು ರಾಡಗಾನ್ ಆದಾಗ “ಇದೇನ್ ಗುರು, ವೇಷ ಬದಲಾಯ್ತು” ಎಂದು ಕೂಗಿದ.

ಜಗಳ ಇರುವುದು ಮುಂದಿನ ಪ್ರಶ್ನೆಯಲ್ಲಿ. ಮೊದಲಿನಿಂದಲೂ ಒಂದೇ ಜೀವವಾ? ಇಬ್ಬರಾಗಿದ್ದವರು ಒಂದಾದರಾ? ಒಬ್ಬಳು ತನ್ನಿಂದಲೇ ಇನ್ನೊಬ್ಬನನ್ನು ಬೇರ್ಪಡಿಸಿದಳಾ? ಇಲ್ಲಿ ಯಾರಾದರೂ ಅರ್ಧನಾರೀಶ್ವರ ಎಂದೇ ಎನ್ನುತ್ತಾರೆ. ನನಗೆ ಆ ಹೋಲಿಕೆ ಅಷ್ಟು ಒಗ್ಗುವುದಿಲ್ಲ. ಅರ್ಧನಾರೀಶ್ವರನ ಎರಡು ಅರ್ಧಗಳು ಒಂದರ ಮೇಲೊಂದು ಕತ್ತಿ ಮಸೆಯುವುದಿಲ್ಲ. ಇಲ್ಲಿ ನೋಡಿ: ಮರಿಕಾಳ ಸುತ್ತಿಗೆಯ ವಿವರಣೆ ಓದಿದರೆ, ಆ ಲೋಕದ ಕಟ್ಟಳೆಯನ್ನು ಹಿಡಿದಿಟ್ಟ ಎಲ್ಡನ್ ರಿಂಗ್ ಒಡೆದದ್ದು ಅವಳು, ಅದೇ ಸುತ್ತಿಗೆಯಿಂದ ಸರಿಮಾಡಲು ಹೋದವನು ರಾಡಗಾನ್. ಒಂದೇ ಮೈ, ಒಂದೇ ಸುತ್ತಿಗೆ, ಎರಡು ಹಟ. ಕೂಡಿ ಬಾಳುವವರ ಚಿತ್ರ ಅಲ್ಲ ಇದು.

ಬೇರ್ಪಡಿಸಿದಳು ಅನ್ನುವ ವಾದಕ್ಕೆ ಡಿಎಲ್‌ಸಿ ಸ್ವಲ್ಪ ಬಲ ಕೊಟ್ಟಿದೆ. ಮಿಕೆಲ್ಲಾನ ಇನ್ನೊಂದು ಅರ್ಧ ಸೇಂಟ್ ಟ್ರಿನಾ. ದೇವರಾಗಲು ಹೊರಟ ಅವನು ತನ್ನ ಪ್ರೀತಿಯನ್ನೂ ಅವಳನ್ನೂ ಕಳಚಿ ಬಿಟ್ಟು ಹೋದ. ಮಗ ಮಾಡಿದ್ದನ್ನು ತಾಯಿಯೂ ಮಾಡಿರಬಹುದು. ಪೆನ್ಸಿಲ್, ಆದರೆ ಒತ್ತಿ ಬರೆದ ಪೆನ್ಸಿಲ್.

ಹಾಗಾದರೆ ರಾನ್ನಿಗೆ ಮರಿಕಾ ಏನಾಗಬೇಕು?

ಮಲತಾಯಿ. ನಮ್ಮ ಕಡೆ ಬಾಯಿತುಂಬ ಚಿಕ್ಕಮ್ಮ ಎನ್ನುತ್ತೇವೆ. ಆದರೆ ರಾಡಗಾನೇ ಮರಿಕಾ ಆದರೆ ಚಿಕ್ಕಮ್ಮನೇ ಅಪ್ಪ. ಈ ವಾಕ್ಯ ಬರೆದ ದಿನ ಚಾರ್ಟ್ ಮಡಚಿಟ್ಟು ದೋಸೆ ತಿನ್ನಲು ಹೋದೆವು.

ರಾನ್ನಿ ರೆನ್ನಾಲಾಳ ಮಗಳು. ಅವಳು ಎಂಪೀರಿಯನ್ ಆದದ್ದು ಹೇಗೆ?

ನನ್ನ ಪ್ರಕಾರ ಇಡೀ ಗೇಮ್‌ನಲ್ಲಿ ಇದೇ ಒಳ್ಳೆಯ ಪ್ರಶ್ನೆ. ಎಂಪೀರಿಯನ್ ಎಂದರೆ ಮರಿಕಾಳ ನಂತರ ದೇವರಾಗಬಲ್ಲವರು. ರಾನ್ನಿಯೇ ಹೇಳುತ್ತಾಳೆ: ಡೆಮಿಗಾಡ್‌ಗಳಲ್ಲಿ, ಅಂದರೆ ಈ ದೇವರ ಮನೆತನದವರಲ್ಲಿ, ಆ ಅರ್ಹತೆ ಇದ್ದದ್ದು ಅವಳಿಗೆ, ಮಿಕೆಲ್ಲಾನಿಗೆ, ಮಲೇನಿಯಾಳಿಗೆ ಮಾತ್ರ.

ಈಗ ಮಲೇನಿಯಾಳನ್ನು ಸೋಲಿಸಿದಾಗ ಸಿಗುವ ರಿಮೆಂಬ್ರೆನ್ಸ್ ಎಂಬ ವಸ್ತುವಿನ ವಿವರಣೆ ಓದಿ. ಮಿಕೆಲ್ಲಾ, ಮಲೇನಿಯಾ ಇಬ್ಬರೂ ಒಂದೇ ದೇವರ ಮಕ್ಕಳು, ಆ ಕಾರಣಕ್ಕೇ ಎಂಪೀರಿಯನ್‌ಗಳು, ಆದರೆ ಹುಟ್ಟಿನಿಂದಲೇ ಬಾಧೆ ಹೊತ್ತವರು ಎಂದಿದೆ. ಒಬ್ಬನಿಗೆ ಬೆಳೆಯದ ಬಾಲ್ಯ, ಇನ್ನೊಬ್ಬಳಿಗೆ ಕೊಳೆಯುವ ಮೈ. ಇದನ್ನು ಓದಿದರೆ ರಕ್ತದಿಂದಲೇ ಪದವಿ ಬರುತ್ತದೆ ಅನ್ನಿಸುತ್ತದೆ. ಹಾಗಿದ್ದರೆ ರಾನ್ನಿಗೆ ಯಾವ ರಕ್ತ? ರೆನ್ನಾಲಾ ದೇವರಲ್ಲ. ಅಪ್ಪನ ಕಡೆಯಿಂದ ಬಂತು ಎನ್ನಿ. ಆಗ ಅದೇ ಅಪ್ಪ ಅಮ್ಮನಿಗೆ ಹುಟ್ಟಿದ ರಾಡಾನ್‌ಗೂ ರೈಕಾರ್ಡ್‌ಗೂ ಬರಬೇಕಿತ್ತು. ಬರಲಿಲ್ಲ.

ಅಂದರೆ ರಕ್ತ ಒಂದೇ ಸಾಲದು, ಆಯ್ಕೆಯೂ ಬೇಕು. ಆರಿಸುವವರು ಟು ಫಿಂಗರ್ಸ್, ಅಂದರೆ ಎರಡು ಬೆರಳಿನ ಆಕಾರದ ದೈತ್ಯ ಜೀವಿಗಳು, ಮೇಲಿನ ದೈವದ ಮಾತು ತಿಳಿಸುವವು. ರಾನ್ನಿಗೆ ನೆರಳಿನಂತೆ ಬ್ಲೈಡ್‌ನನ್ನು ಕೊಟ್ಟದ್ದೂ ಅವೇ. ರಾನ್ನಿ ಆ ಆಯ್ಕೆಯನ್ನು ಒಪ್ಪಲಿಲ್ಲ. ಸಾವಿನ ರೂನ್, ಅಂದರೆ ದೇವರ ಮಕ್ಕಳನ್ನೂ ಕೊಲ್ಲಬಲ್ಲ ಶಕ್ತಿ, ಅದರ ಚೂರೊಂದನ್ನು ಕದ್ದು ತನ್ನ ಎಂಪೀರಿಯನ್ ಮೈಯನ್ನೇ ಕೊಂದು ಬಿಸಾಕಿ ಗೊಂಬೆಯೊಳಗೆ ಸೇರಿಕೊಂಡಳು. ರಕ್ತವನ್ನೇ ಕಳಚಿಟ್ಟರೆ ಆಯ್ಕೆ ಉಳಿಯುತ್ತದಾ ಎಂದು ಪರೀಕ್ಷೆ ಮಾಡಿದ ಹಾಗೆ.

ಮೈಸೂರಿನವರಿಗೆ ಇದು ಹೊಸದಾಗಿ ಕಾಣಬಾರದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ತೆಗೆದುಕೊಂಡರು. ಆಗ ಅಲಮೇಲಮ್ಮ ಕೊಟ್ಟಳು ಎನ್ನುವ ಶಾಪ ಇಲ್ಲಿ ಮಕ್ಕಳಿಗೂ ಬಾಯಿಪಾಠ: ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ. ಶಾಪ ನಂಬಿ ಬಿಡಿ, ಪಟ್ಟ ಯಾವಾಗಲೂ ಅಪ್ಪನಿಂದ ಮಗನಿಗೆ ಹೋಗಲಿಲ್ಲ ಅನ್ನುವುದಂತೂ ನಿಜ. ಜಯಚಾಮರಾಜ ಒಡೆಯರಿಗೆ 1940ರಲ್ಲಿ ಬಂದದ್ದು ದೊಡ್ಡಪ್ಪನಿಂದ. 2015ರಲ್ಲಿ ಯದುವೀರರು ಬಂದದ್ದು ದತ್ತು ಮೂಲಕ. ರಕ್ತ ಬಾಗಿಲವರೆಗೆ ಕರೆದುಕೊಂಡು ಹೋಗುತ್ತದೆ, ಒಳಗೆ ಕೂರಿಸುವವರು ಬೇರೆ. ರಾನ್ನಿ ವಿಷಯದಲ್ಲಿ ನನ್ನ ಓದೂ ಇದೇ.

ಗಾಡ್ರಿಕ್ ನಿಜವಾಗಲೂ ಗೋಲ್ಡನ್ ಲಿನಿಯೇಜ್ ಅವನಾ, ಸುಮ್ನೆ ಬಡಾಯಿನಾ?

ಎರಡೂ. ಗೋಲ್ಡನ್ ಲಿನಿಯೇಜ್ ಎಂದರೆ ಗಾಡ್‌ಫ್ರೀ, ಮರಿಕಾರ ಬಂಗಾರದ ವಂಶ. ಆ ವಂಶದವನು ಹೌದು, ಆದರೆ ರಕ್ತ ನೀರಾಗಿ ಹೋಗಿದೆ. ಅದನ್ನು ಮುಚ್ಚಿಕೊಳ್ಳಲು ಬೇರೆಯವರ ಕೈಕಾಲು ಹೊಲಿದುಕೊಳ್ಳುತ್ತಾನೆ. ಅವನು ಗಾಡ್‌ಫ್ರೀಗೆ ಮೊಮ್ಮಗನಾ, ಮರಿಮಗನಾ, ಗಿರಿಮಗನಾ? ನಮ್ಮಲ್ಲಿ ಒಂದೊಂದು ತಲೆಮಾರಿಗೂ ಒಂದೊಂದು ಹೆಸರು ಇರುವುದರಿಂದ ಇದರ ಮೇಲೆ ಒಂದು ಇಡೀ ಸಂಜೆ ಹೋಯಿತು. ಚಾರ್ಟ್‌ನಲ್ಲಿ ಬರೀ ಚುಕ್ಕಿ ಗೆರೆ ಎಳೆದಿದ್ದೇವೆ.

ಮಾರ್ಗಾಟ್, ಮೋಗ್ ಕೂಡ ಅದೇ ಅಪ್ಪ ಅಮ್ಮನ ಮಕ್ಕಳಲ್ವಾ? ಅವರನ್ನು ಯಾಕೆ ಲೆಕ್ಕಕ್ಕೆ ಇಟ್ಟಿಲ್ಲ?

ಕೊಂಬು. ಓಮನ್ ಆಗಿ, ಅಂದರೆ ಕೊಂಬಿನ ಶಾಪ ಹೊತ್ತು, ಹುಟ್ಟಿದ ಸಾಮಾನ್ಯರ ಮಕ್ಕಳ ಕೊಂಬು ಕೊಯ್ಯುತ್ತಾರೆ, ಬಹಳಷ್ಟು ಮಕ್ಕಳು ಅದರಲ್ಲೇ ಸಾಯುತ್ತವೆ. ರಾಜಮನೆತನದ ಮಕ್ಕಳಾದರೆ ಕೊಯ್ಯುವುದಿಲ್ಲ, ಯಾರಿಗೂ ಗೊತ್ತಾಗದ ಹಾಗೆ ನೆಲದ ಕೆಳಗೆ ಕೂಡಿಹಾಕುತ್ತಾರೆ. ರೀಗಲ್ ಓಮನ್ ಬೇರ್ನ್ ಎಂಬ ಪುಟ್ಟ ಬೊಂಬೆಯ ವಿವರಣೆಯಲ್ಲಿ ಇದಿದೆ. ತಣ್ಣಗೆ ಬರೆದ ಎರಡು ಸಾಲು, ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಕಂಟ್ರೋಲರ್ ಕೆಳಗಿಟ್ಟೆ.

ವಿಚಿತ್ರ ನೋಡಿ. ರಕ್ತ ಅಷ್ಟು ಅಚ್ಚುಕಟ್ಟಾಗಿ ಇರುವುದು ಇವರಿಬ್ಬರಿಗೆ ಮತ್ತು ಗಾಡ್ವಿನ್‌ಗೆ ಮಾತ್ರ. ಗಾಡ್ರಿಕ್‌ನಂಥ ದೂರದವನು ಕೋಟೆಯಲ್ಲಿ ಕೂತು ಬಂಗಾರದವರ ಒಡೆಯ ತಾನು ಎನ್ನುತ್ತಾನೆ. ಹೆತ್ತ ಮಕ್ಕಳು ಚರಂಡಿಯಲ್ಲಿ. ಆದರೂ ಕೊನೆಗೆ ಎರ್ಡ್‌ಟ್ರೀ ಎಂಬ ಬಂಗಾರದ ಮಹಾವೃಕ್ಷವನ್ನು, ಸಿಂಹಾಸನವನ್ನು ಒಬ್ಬನೇ ಕಾಯುತ್ತ ನಿಂತವನು ಮಾರ್ಗಾಟ್. ಡೆಮಿಗಾಡ್‌ಗಳಲ್ಲಿ ನನ್ನ ಓಟು ಅವನಿಗೇ. ಇದು ಲೋರ್ (ಗೇಮ್‌ನ ಹಿನ್ನೆಲೆ ಕಥೆ) ಅಲ್ಲ, ಪಕ್ಷಪಾತ.

ಕೆಂಪು ಕೂದಲಿದ್ದರೆ ರಾಡಗಾನ್ ಮಗ ಅಂತ ಅರ್ಥನಾ?

ಅಲ್ಲ. ಜೈಂಟ್ಸ್ ರೆಡ್ ಬ್ರೇಡ್ ಎಂಬ ಚಾಟಿಯ ವಿವರಣೆಯಲ್ಲಿ ದೈತ್ಯರೆಲ್ಲ ಕೆಂಪು ಕೂದಲಿನವರು, ರಾಡಗಾನ್‌ಗೆ ತನ್ನ ಕೆಂಪು ಕೂದಲು ಕಂಡರೆ ಆಗುತ್ತಿರಲಿಲ್ಲವಂತೆ, ಅದು ದೈತ್ಯರ ಶಾಪ ಇರಬಹುದು ಎಂದಿದೆ. ಇರಬಹುದು ಎಂದು ಗೇಮೇ ಪೆನ್ಸಿಲ್ ಹಿಡಿದಿದೆ. ಮೆಸ್ಮರ್‌ನ ಕೂದಲೂ ಕೆಂಪು. ಅಷ್ಟಕ್ಕೇ ಅವನ ಅಪ್ಪ ರಾಡಗಾನ್ ಎಂದು ಬರೆಯಲು ಹೊರಟವನ ಕೈಯಿಂದ ಪೆನ್ನು ಕಿತ್ತುಕೊಂಡಿದ್ದೇವೆ.

ಮೆಲಿನಾ ಯಾರ ಮಗಳು?

ಮೆಲಿನಾ ಆಟದಲ್ಲಿ ನಮಗೆ ದಾರಿ ತೋರಿಸುವ ಜೊತೆಗಾತಿ. ಎರ್ಡ್‌ಟ್ರೀಯ ಬುಡದಲ್ಲಿ ಹುಟ್ಟಿದೆ, ಅಲ್ಲೇ ತಾಯಿ ನನಗೊಂದು ಕೆಲಸ ಒಪ್ಪಿಸಿದಳು ಎನ್ನುತ್ತಾಳೆ. ತಾಯಿಯ ಹೆಸರು ಹೇಳುವುದಿಲ್ಲ. ಚರ್ಚುಗಳಲ್ಲಿ ಮರಿಕಾಳ ಮಾತುಗಳನ್ನು ನಮಗೆ ಕೇಳಿಸುವವಳು ಅವಳೇ. 2024ರ ಜೂನ್ 21ಕ್ಕೆ ಡಿಎಲ್‌ಸಿ ಬರುವ ತನಕ ನಮ್ಮ ಹತ್ತಿರ ಇದ್ದದ್ದು ಇಷ್ಟೇ. ಆಮೇಲೆ ಮೆಸ್ಮರ್‌ನ ಕಿಂಡ್ಲಿಂಗ್ ಎಂಬ ವಸ್ತು ಸಿಕ್ಕಿತು. ಅವನಿಗೂ ಅವನ ತಂಗಿಗೂ ಬೆಂಕಿಯ ನಂಟಿತ್ತು ಎಂದು ಅದರಲ್ಲಿದೆ. ತಂಗಿಯ ಹೆಸರಿಲ್ಲ. ಆದರೆ ಎರ್ಡ್‌ಟ್ರೀ ಸುಡಲು ಮೆಲಿನಾ ಬೇಕು, ಡಿಎಲ್‌ಸಿಯಲ್ಲಿ ಸೀಲಿಂಗ್ ಟ್ರೀ ಸುಡಲು ಈ ಕಿಂಡ್ಲಿಂಗ್ ಬೇಕು. ಒಬ್ಬಳದ್ದು ಮುಚ್ಚಿದ ಕಣ್ಣು, ಇನ್ನೊಬ್ಬ ಕಾಳಗದ ಮಧ್ಯೆ ತನ್ನ ಕಣ್ಣು ಕಿತ್ತು ಹಿಸುಕುತ್ತಾನೆ.

ಇಂಗ್ಲಿಷ್‌ನಲ್ಲೂ ಇಲ್ಲಿ ಕಿರಿಯವಳು ಎಂದು ಸ್ಪಷ್ಟವಾಗಿದೆ. ತಂಗಿ ಎಂದು ಧೈರ್ಯವಾಗಿ ಹೇಳಬಹುದಾದ ಅಪರೂಪದ ಜಾಗ ಇದು. ಹೆಸರು ಮಾತ್ರ ಪೆನ್ಸಿಲ್.

“ಅಪ್ಪ ಯಾರು ಅಂತ ಗೊತ್ತಿಲ್ದೆ ಅಣ್ಣ ತಂಗಿ ಅನ್ನೋದು ಹೆಂಗೆ?” ಎಂದು ಒಬ್ಬ ಪಟ್ಟು ಹಿಡಿದ. ಅವನ ಮನೆಯಿಂದಲೇ ಚಾಮುಂಡಿ ಬೆಟ್ಟ ಕಾಣುತ್ತದೆ. ಬೆಟ್ಟದ ಆಚೆ ಉತ್ತನಹಳ್ಳಿ ಮಾರಮ್ಮ ಇದ್ದಾಳೆ, ಜನ ಅವಳನ್ನು ಚಾಮುಂಡಿಯ ತಂಗಿ ಎನ್ನುತ್ತಾರೆ. ಅವರ ಅಪ್ಪನ ಹೆಸರು ಕೇಳಿದವರನ್ನು ನಾನು ನೋಡಿಲ್ಲ. ಅವನು ಸುಮ್ಮನಾದ. ಒಪ್ಪಿದ ಎಂದಲ್ಲ.

ಮೆಲಿನಾನೇ ಗ್ಲೋಮ್-ಐಡ್ ಕ್ವೀನ್ ಅಲ್ವಾ?

ಗ್ಲೋಮ್-ಐಡ್ ಎಂದರೆ ಮುಸ್ಸಂಜೆ ಬಣ್ಣದ ಕಣ್ಣಿನವಳು. ಪರವಾಗಿ: ನೀವು ಫ್ರೆಂಜೀಡ್ ಫ್ಲೇಮ್, ಅಂದರೆ ಎಲ್ಲವನ್ನೂ ಸುಡುವ ಹುಚ್ಚು ಬೆಂಕಿಯ, ದಾರಿ ಹಿಡಿದರೆ ಕೊನೆಯಲ್ಲಿ ಅವಳ ಮುಚ್ಚಿದ ಕಣ್ಣು ತೆರೆಯುತ್ತದೆ. ಅದರ ಬಣ್ಣ ಮುಸ್ಸಂಜೆಯದು. ನಿನ್ನನ್ನು ಹುಡುಕಿ ಬಂದು ಡೆಸ್ಟಿನ್ಡ್ ಡೆತ್ (ತಪ್ಪದ ಸಾವು) ತಲುಪಿಸುತ್ತೇನೆ ಎಂದು ಶಪಥ ಮಾಡುತ್ತಾಳೆ. ಆ ರಾಣಿ ದೇವರನ್ನು ಕೊಲ್ಲುವ ಗಾಡ್‌ಸ್ಕಿನ್‌ಗಳ ಒಡತಿ. ವಿರುದ್ಧ: ಆ ರಾಣಿಯನ್ನು ಮರಿಕಾಳ ನೆರಳಿನಂತಿದ್ದ ಕಾವಲುಗಾರ ಮಾಲಿಕೆತ್ ಸೋಲಿಸಿದ್ದು ಬಹಳ ಹಿಂದೆ. ಮಗಳ ವಯಸ್ಸು ಲೆಕ್ಕಕ್ಕೆ ಕೂರುವುದಿಲ್ಲ. ಕಣ್ಣಿನ ಬಣ್ಣ ಒಂದೇ ಎಂದ ಮಾತ್ರಕ್ಕೆ ಒಬ್ಬರೇ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ನಮ್ಮಲ್ಲಿ ನಾಲ್ಕು ಜನ ಆ ಕಡೆ, ಮೂವರು ಈ ಕಡೆ, ಒಬ್ಬ ಪ್ರತಿ ವಾರ ಬದಲಾಗುತ್ತಾನೆ.

ಮಿಲಿಸೆಂಟ್ ಮಲೇನಿಯಾಳ ಮಗಳಾ, ತಂಗಿಯಾ?

ಮಂಡ್ಯದವರನ್ನು ಕೇಳಿ. ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರುತ್ತದಲ್ಲ, ಕೂಳೆ ಕಬ್ಬು, ಅದು ಹಳೆಯ ಕಬ್ಬಿನ ಮಗಳಾ ತಂಗಿಯಾ? ಏಯೋನಿಯಾ ಎಂಬ ಜಾಗದಲ್ಲಿ ಮಲೇನಿಯಾಳ ಮೈಯೊಳಗಿನ ಕೊಳೆತ ಹೂವಾಗಿ ಅರಳಿದ ಕಡೆಯಿಂದ ಬಂದ ಚಿಗುರುಗಳು ಮಿಲಿಸೆಂಟ್ ಮತ್ತವಳ ಅಕ್ಕತಂಗಿಯರು. ಅಪ್ಪ ಇಲ್ಲ, ಹೆರಿಗೆ ಇಲ್ಲ. ಕೂಳೆ ಎಂದೇ ಚಾರ್ಟ್‌ನಲ್ಲಿ ಬರೆದಿದ್ದೇವೆ, ಪೆನ್ನಿನಲ್ಲಿ. ಈ ಹೋಲಿಕೆ ಕೊಟ್ಟದ್ದು ನಾನಲ್ಲ, ಕಬ್ಬಿನ ಗದ್ದೆ ಇರುವ ಗೆಳೆಯ. ಹೊಟ್ಟೆಕಿಚ್ಚು ಇದೆ.

ಡಿಎಲ್‌ಸಿ ಕೊನೆಯಲ್ಲಿ ಮಿಕೆಲ್ಲಾ ರಾಡಾನ್‌ನನ್ನು ಸಂಗಾತಿ ಮಾಡಿಕೊಂಡನಲ್ಲ, ಅಣ್ಣ ತಮ್ಮ ಅಲ್ವಾ ಅವರು?

ಅಪ್ಪ ಒಬ್ಬನೇ, ರಾಡಗಾನ್. ಹಾಗಾಗಿ ಹೌದು. ಅತ್ತೆ ಮಗ, ಮಾವನ ಮಗ ಆಗಿದ್ದರೆ ನಮ್ಮೂರಲ್ಲಿ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆ ದೇವರುಗಳ ಲೋಕದಲ್ಲಿ ಈ ಪದವಿ ಮದುವೆಗಿಂತ ಪಟ್ಟಕ್ಕೆ ಹತ್ತಿರ: ಹೊಸ ದೇವರು ಬರಬೇಕಾದರೆ ಜೊತೆಗೊಬ್ಬ ಲಾರ್ಡ್ ಬೇಕು, ಆ ಲಾರ್ಡ್‌ನ ಆತ್ಮಕ್ಕೆ ಒಂದು ಮೈ ಬೇಕು. ಅದಕ್ಕೆ ಬಳಸಿದ್ದು ಮೋಗ್‌ನ ಮೈ, ಅದೂ ಅವನನ್ನು ಕೇಳದೆ. ಅವನು ಮಿಕೆಲ್ಲಾನಿಗೆ ತಾಯಿಯ ಕಡೆಯ ಅಣ್ಣ. ಮೊದಲ ಗೇಮ್ ಮುಗಿದಾಗ ಮೋಗ್‌ನೇ ಕಳ್ಳ, ಮಿಕೆಲ್ಲಾನನ್ನು ಕದ್ದವನು ಎಂದು ಬೈದಿದ್ದೆವು. ಮರುಳು ಮಾಡಿದ್ದು ಮಗುವಿನ ಮುಖದವನು ಎಂದು ಆಮೇಲೆ ಗೊತ್ತಾಯಿತು. ರಾಡಾನ್ ಸಂಗಾತಿಯಾಗಲು ಒಪ್ಪಿದ್ದನೋ ಇಲ್ಲವೋ ಎಂಬುದರ ಮೇಲೆ ನಮ್ಮಲ್ಲಿ ಇಬ್ಬರು ಒಂದು ತಿಂಗಳು ಮಾತು ಬಿಟ್ಟಿದ್ದರು. ಆ ಪ್ರಶ್ನೆ ಇಲ್ಲಿ ಎತ್ತಬೇಡಿ.

ನಾವು ಆಡುವ ಟಾರ್ನಿಶ್ಡ್‌ಗೆ ದೇವರ ರಕ್ತ ಇದೆಯಾ?

ಇಲ್ಲ. ಗಾಡ್‌ಫ್ರೀ ಜೊತೆ ಗಡೀಪಾರಾದ ಯೋಧರ ಪೀಳಿಗೆ ನೀವು. ಆದರೂ ಸಿಂಹಾಸನದಲ್ಲಿ ಕೂರುತ್ತೀರಿ. ರಾನ್ನಿ ಪ್ರಶ್ನೆಗೆ ಕೊಟ್ಟ ಉತ್ತರ ಇನ್ನೊಮ್ಮೆ ಓದಿ.

ನಡೆಯುವ ಸಮಾಧಿಗಳಲ್ಲಿ ಮಲಗಿರುವ ಡೆಮಿಗಾಡ್‌ಗಳು ಯಾರು?

ಹೆಸರಿಲ್ಲ. ಆತ್ಮವಿಲ್ಲದ ಡೆಮಿಗಾಡ್‌ಗಳು ಎಂದಷ್ಟೇ. ಅವರ ಹಿಂದೆ ಹೋಗಲು ಕಾವಲಿನ ಸೈನಿಕರು ತಮ್ಮ ತಲೆಯನ್ನೇ ಕಡಿದುಕೊಂಡರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೇ ಶತಮಾನದ ಕಲ್ಲಿನ ಮೇಲೆ ಹಂದಿಯ ಜೊತೆ ಹೋರಾಡಿ ಸತ್ತ ನಾಯಿಯ ಹೆಸರಿದೆ, ಕಾಳಿ ಅಂತ. ಒಂದು ನಾಯಿಗೆ ಸಿಕ್ಕಿದ್ದು ದೇವರ ಮಕ್ಕಳಿಗೆ ಸಿಕ್ಕಿಲ್ಲ. ಇವರಿಗೆ ಸುಮ್ನೆ ಹೆಸರು ಕಟ್ಟುವವರನ್ನು ನಾನು ತಡೆಯುವುದಿಲ್ಲ, ಆದರೆ ಚಾರ್ಟ್‌ಗೆ ಸೇರಿಸುವುದಿಲ್ಲ.

ಚಾರ್ಟ್‌ನ ಮೂಲೆಯಲ್ಲಿ ‘ಮನೆದೇವರು’ ಎಂದು ಖಾಲಿ ಗೆರೆ ಯಾಕಿದೆ?

ಅದು ಗೆಳೆಯನ ಅಜ್ಜಿ ಬರೆಸಿದ್ದು. ಚಾರ್ಟ್ ಬಹಳ ಹೊತ್ತು ನೋಡಿ, ಯಾರ ಮನೆಗೋ ಹೆಣ್ಣು ಕೇಳಲು ಹೊರಟಿದ್ದೇವೆ ಎಂದುಕೊಂಡು, “ಎಲ್ಲಾ ಸರಿ ಕಣ್ರಪ್ಪ, ಇವ್ರ ಮನೆದೇವ್ರು ಯಾವ್ದು?” ಎಂದರು. ನಾವು ನಕ್ಕೆವು, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮರಿಕಾ ದೇವರು. ದೇವರ ಮನೆಗೆ ದೇವರು ಯಾರು?

ಗ್ರೇಟರ್ ವಿಲ್, ಅಂದರೆ ಎಲ್ಲರ ಮೇಲಿನ ಕಾಣದ ದೈವ, ಎಂದು ಒಬ್ಬ ಥಟ್ಟನೆ ಹೇಳಿದ. ಅದರ ಮಾತು ತಿಳಿಸುವುದು ಎರಡು ಬೆರಳು. ಆದರೆ ಡಿಎಲ್‌ಸಿಯಲ್ಲಿ ಆ ಬೆರಳುಗಳ ತಾಯಿ ಮೆಟಿರ್ ಸಿಗುತ್ತಾಳೆ. ಗ್ರೇಟರ್ ವಿಲ್ ಅವಳನ್ನು ಬಿಟ್ಟು ಎಷ್ಟೋ ಕಾಲವಾಗಿದೆ. ಅತ್ತಲಿಂದ ಮಾತಿಲ್ಲ. ಅವಳು ಇನ್ನೂ ಕಾಯುತ್ತಿದ್ದಾಳೆ. ಹಾಗಾದರೆ ಎಂಪೀರಿಯನ್‌ಗಳನ್ನು ಆರಿಸಿದ್ದು ಯಾರ ಮಾತಿನ ಮೇಲೆ? ರಾನ್ನಿಯನ್ನು ಬೇಕೆಂದದ್ದು, ರಾಡಾನ್‌ನನ್ನು ಬೇಡವೆಂದದ್ದು ಯಾರು?

ಅಜ್ಜಿಗೆ ಇಷ್ಟನ್ನೂ ವಿವರಿಸಿದೆವು. “ಪೂಜಾರಿನೇ ದೇವ್ರ ಹೆಸ್ರಲ್ಲಿ ಹೇಳ್ತಿದ್ನಾ ಹಂಗಾದ್ರೆ” ಎಂದು ಎದ್ದು ಹೋದರು. ಗೆರೆ ಹಾಗೇ ಖಾಲಿ ಇದೆ.